ಉಮ್ಮನ ಕಿವಿಗೆ ನಾಲ್ಕು ದಾರಿ

ನಿಮ್ಮ ಮನೆಯಲ್ಲೂ ಟಿವಿಯ ಧ್ವನಿಗಾಗಿ ಜಗಳವಾಗುವುದುಂಟೇ? ನಮ್ಮಲ್ಲಿ ಅದು ದಿನನಿತ್ಯದ ಮಾತಾಗಿತ್ತು. ಉಮ್ಮನಿಗೆ ಎಪ್ಪತ್ತು ದಾಟಿದೆ, ಕಿವಿ ಮಂದವಾಗಿದೆ. ಅವರು ಧ್ವನಿ ಏರಿಸಿದರೆ ಪರೀಕ್ಷೆಗೆ ಓದುವ ಮಗಳು ಸಿಡುಕುತ್ತಿದ್ದಳು. ಇಳಿಸಿದರೆ ಉಮ್ಮ ಮೌನವಾಗಿ ಎದ್ದು ಹೋಗುತ್ತಿದ್ದರು. ಆ ಮೌನ ಜಗಳಕ್ಕಿಂತ ಹೆಚ್ಚು ನೋಯಿಸುತ್ತಿತ್ತು.

ಶ್ರವಣ ತಜ್ಞರಲ್ಲಿಗೆ ಕರೆದೊಯ್ದೆ. ವಯಸ್ಸಾದಂತೆ ಮೊದಲು ಕುಂದುವುದು ತೀಕ್ಷ್ಣ ಸ್ವರಗಳ ಗ್ರಹಿಕೆ. 'ಸ', 'ಫ'ದಂತಹ ಅಕ್ಷರಗಳು ಜಾರಿಹೋಗುವುದರಿಂದ ಮಾತು ಕೇಳಿಸಿದರೂ ಅರ್ಥವಾಗುವುದಿಲ್ಲ ಎಂದರು. ಶ್ರವಣ ಸಾಧನ ಸೂಚಿಸಿದರು. ಉಮ್ಮ "ಈಗಲೇ ಬೇಡ" ಎಂದು ಹಟ ಹಿಡಿದರು. ಟಿವಿಗೊಂದು ಹೆಡ್‌ಫೋನ್ ತಂದುಕೊಟ್ಟು, ಸಮಸ್ಯೆ ಮುಗಿಯಿತೆಂದುಕೊಂಡೆ.

ಮುಗಿದಿರಲಿಲ್ಲ. ಒಂದು ಮಧ್ಯಾಹ್ನ ದಮ್ಮಾಮ್‌ನಿಂದ ಅಣ್ಣನ ಕರೆ ಮೂರು ಬಾರಿ ಬಂದು ನಿಂತಿತು. ಮೊಬೈಲ್ ಉಮ್ಮನ ಪಕ್ಕದಲ್ಲೇ ಇತ್ತು! ನಾನು ಶಾಲೆಯಿಂದ ಬಂದಾಗ ಅವರು ಅಳುತ್ತಿದ್ದರು. "ನನ್ನ ಕಿವಿಯನ್ನು ಟಿವಿಗೆ ಕಟ್ಟಿ ಹಾಕಿದೆಯಲ್ಲ" ಎಂದರು. ನನ್ನಲ್ಲಿ ಉತ್ತರವಿರಲಿಲ್ಲ.

ಟಿವಿ, ರೇಡಿಯೋ, ಮೊಬೈಲ್ ಮೂರನ್ನೂ ಒಂದೇ ಹೆಡ್‌ಫೋನಿಗೆ ತರಲು ಹೊರಟೆ. ಒಂದೇ ಫೋನಿನಿಂದ ಇಬ್ಬರು ಕೇಳಲು ಬಳಸುವ ಕವಲು ತಂತಿಯನ್ನು ತಿರುಗಿಸಿ ಜೋಡಿಸಿದೆ. ಧ್ವನಿ ಕುಗ್ಗಿ, ಒಡೆದು ಬಂತು. ಮದ್ರಸದಲ್ಲೂ ಬಿ.ಎ. ತರಗತಿಯಲ್ಲೂ ಇದನ್ನು ಕಲಿತಿರಲಿಲ್ಲ. ರೇಡಿಯೋ ರಿಪೇರಿ ಮಾಡುವವರೊಬ್ಬರು ಬಿಡಿಸಿ ಹೇಳಿದರು: "ಇದು ಎರಡು ಪಂಪುಗಳ ಬಾಯಿಯನ್ನು ಎದುರುಬದುರು ಜೋಡಿಸಿದಂತೆ. ಒಂದರ ನೀರು ಇನ್ನೊಂದರೊಳಗೆ ನುಗ್ಗುತ್ತದೆ. ಉಪಕರಣವೂ ಕೆಡಬಹುದು. ಕವಲು ತಂತಿ ಹಂಚಲು ಸರಿ, ಕೂಡಿಸಲು ಮಿಕ್ಸರ್ ಬೇಕು."

ಅಡುಗೆಮನೆಯ ಮಿಕ್ಸರಲ್ಲ! ಪುಸ್ತಕದಷ್ಟು ಅಗಲದ ಪುಟ್ಟ ಆಡಿಯೋ ಮಿಕ್ಸರ್. ಪ್ರತಿ ಉಪಕರಣದ ಧ್ವನಿಗೂ ಬೇರೆ ಗುಂಡಿ, ಹೆಡ್‌ಫೋನಿಗೆ ಪ್ರತ್ಯೇಕ ರಂಧ್ರ. ರೇಡಿಯೋ ಮತ್ತು ಮೊಬೈಲನ್ನು 3.5 ಮಿ.ಮೀ. ಪಿನ್ನಿನ ತಂತಿಗಳಿಂದ ಜೋಡಿಸಿದೆವು. ಟಿವಿಯ ಹೆಡ್‌ಫೋನ್ ರಂಧ್ರ ಬಳಸಿದರೆ ಸಾಮಾನ್ಯವಾಗಿ ಅದರ ಸ್ಪೀಕರ್ ಮೌನವಾಗುತ್ತದೆ. ಆದ್ದರಿಂದ ಹಿಂಬದಿಯ ಕೆಂಪು-ಬಿಳಿ ಗಿಂಡಿಗಳಿಂದ ತಂತಿ ತಂದೆವು. ನೀವು ಜೋಡಿಸುವುದಾದರೆ ಅದು ಧ್ವನಿ ಹೊರಬರುವ ಗಿಂಡಿಯೇ ಎಂದು ಓದಿ ನೋಡಿ. ಒಳಹೋಗುವ ಗಿಂಡಿಗಳ ಬಣ್ಣವೂ ಅದೇ. ಈಗ ಉಮ್ಮ ಟಿವಿ ನೋಡುತ್ತಿದ್ದರೂ ಅಣ್ಣನ ಕರೆ ಕಿವಿಯಲ್ಲೇ ರಿಂಗಣಿಸುತ್ತದೆ.

ಒಂದು ಎಚ್ಚರಿಕೆ: ಕೇಳಿಸದೆಂದು ಧ್ವನಿ ಏರಿಸುತ್ತಾ ಹೋಗಬೇಡಿ. ವಾರಕ್ಕೆ 40 ಗಂಟೆ ಕೇಳುವ ದೊಡ್ಡವರಿಗೆ 80 ಡೆಸಿಬಲ್, ಮಕ್ಕಳಿಗೆ 75 ಡೆಸಿಬಲ್ ಮಿತಿಯೆಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ತಿಳಿಸಿದೆ. ಹೆಡ್‌ಫೋನ್ ಶ್ರವಣ ಸಾಧನಕ್ಕೆ ಬದಲಿಯೂ ಅಲ್ಲ.

ಮಿಕ್ಸರಿನಲ್ಲಿ ನಾಲ್ಕನೆಯ ದಾರಿಯೊಂದು ಖಾಲಿ ಉಳಿದಿತ್ತು. ಮಗಳು ಅದಕ್ಕೊಂದು ಮೈಕ್ ಜೋಡಿಸಿ ಊಟದ ಮೇಜಿನ ಮೇಲಿಟ್ಟಳು. "ಉಮ್ಮಮ್ಮಾ, ಚಾ ಆಯ್ತು" ಎಂದು ಮೆಲ್ಲಗೆ ಕರೆದಳು. ಉಮ್ಮ ಥಟ್ಟನೆ ತಿರುಗಿ ನೋಡಿದರು. ಅದುವರೆಗೆ ನಾವು ಕಿರುಚುತ್ತಿದ್ದೆವು, ಇಲ್ಲವೇ ಭುಜ ತಟ್ಟಿ ಬೆಚ್ಚಿಬೀಳಿಸುತ್ತಿದ್ದೆವು.

ಮೊನ್ನೆ ಸಂಜೆ ನೋಡಿದೆ: ಟಿವಿಯ ಗುಂಡಿ ಸೊನ್ನೆಯಲ್ಲಿತ್ತು, ರೇಡಿಯೋದ್ದೂ ಸೊನ್ನೆ. ಮೈಕಿನ ಗುಂಡಿ ಮಾತ್ರ ತೆರೆದಿತ್ತು. ಉಮ್ಮ ನಮ್ಮ ಮಾತನ್ನು ಕೇಳುತ್ತಾ ಕುಳಿತಿದ್ದರು. ಸಹೋದರಿಯರೇ, ನಾನು ಎದ್ದು ಹೋಗಿ ಅವರ ಪಕ್ಕದಲ್ಲಿ ಕುಳಿತೆ.