ಕೆಲವರಿಗಾಗಿ ಮಾಡುವ ಕೆಲಸ

ಬಹುಜನರು ಬಯಸುವ ವಸ್ತುವನ್ನು ಮಾಡಿಕೊಡುವವರು ಎಲ್ಲ ಕಾಲದಲ್ಲಿಯೂ ಉಂಟು. ಆದರೆ ಎಲ್ಲಿಯೋ ಹತ್ತಿಪ್ಪತ್ತು ಮಂದಿ ಮಾತ್ರ ಬಯಸುವ ವಸ್ತುವನ್ನು ಯಾರು ಮಾಡಬೇಕು? ಈ ಪ್ರಶ್ನೆಗೆ ಉತ್ತರವು ಅಮೆರಿಕಾ ದೇಶದ ಕಿರುರೈಲುಗಳ ವಿಷಯದಲ್ಲಿ ನಮಗೆ ದೊರೆಯಿತೆಂದರೆ ವಾಚಕರು ನಗಬಾರದು.

ಆ ದೇಶದಲ್ಲಿ ವಯಸ್ಸಾದವರೂ ಮನೆಯೊಳಗೆ ಸಣ್ಣ ಹಳಿಗಳನ್ನು ಹಾಸಿ, ನಿಜವಾದ ರೈಲುಗಳ ಪ್ರತಿಕೃತಿಗಳನ್ನು ಓಡಿಸಿ ಸಂತೋಷಪಡುವರು. ಇವುಗಳಲ್ಲಿ ಪ್ರಮಾಣಭೇದಗಳುಂಟು. ನಿಜಗಾಡಿಯ 87ರಲ್ಲೊಂದು ಪಾಲಿನ ‘ಎಚ್‌ಓ’ ಎಂಬುದು ಅತ್ಯಂತ ಜನಪ್ರಿಯವಾದುದು. 160ರಲ್ಲೊಂದು ಪಾಲಿನ ‘ಎನ್’ ಅದರ ನಂತರದ್ದು. 64ರಲ್ಲೊಂದು ಪಾಲಿನ ‘ಎಸ್’, 120ರಲ್ಲೊಂದು ಪಾಲಿನ ‘ಟಿಟಿ’ ಇವುಗಳನ್ನು ಹಿಡಿದವರು ಅಲ್ಲಿ ವಿರಳ. ಗಿಲ್ಬರ್ಟ್ ಕಂಪೆನಿಯವರು 1946ರಲ್ಲಿ ಎಸ್ ಪ್ರಮಾಣದ ‘ಅಮೆರಿಕನ್ ಫ್ಲೈಯರ್’ ಗಾಡಿಗಳನ್ನು ಹೊರಡಿಸಿದರು. 1960ರ ದಶಕದಲ್ಲಿ ಆ ಕಂಪೆನಿಯೇ ಅಳಿಯಿತು. ಅಭಿಮಾನಿಗಳು ಮಾತ್ರ ಉಳಿದರು.

ದೊಡ್ಡ ಕಾರ್ಖಾನೆಗಳು ಉಕ್ಕಿನ ಅಚ್ಚಿನಲ್ಲಿ ಪ್ಲಾಸ್ಟಿಕ್ಕನ್ನು ಒತ್ತಿ ಗಾಡಿಗಳನ್ನು ಮಾಡುವುವು. ಅಚ್ಚಿನ ಬೆಲೆ ಅಪಾರ. ಸಾವಿರಾರು ಗಾಡಿಗಳು ಮಾರಿದ ಹೊರತು ಹಾಕಿದ ಹಣ ಹುಟ್ಟದು. ಆದಕಾರಣ ವಿರಳ ಪ್ರಮಾಣದವರಿಗೆ ಬೇಕಾದ ಸರಕುಗಾಡಿಗಳನ್ನು ಬಿಡಿ ಮನುಷ್ಯರೇ ರೆಸಿನ್ನಿನಲ್ಲಿ ಎರಕಹೊಯ್ಯಬೇಕಾಯಿತು.

ಅಲ್ಲಿ ನಮ್ಮ ಅಳಿಯಂದಿರ ಮನೆಯಲ್ಲಿದ್ದ ದಿನಗಳಲ್ಲಿ, ನೆರೆಯ ವೃದ್ಧರೊಬ್ಬರು ಈ ಕೆಲಸ ಮಾಡುತ್ತಿದ್ದುದನ್ನು ನಾವು ನೋಡಿದೆವು. ಹಳೆಯ ನಕ್ಷೆ, ಛಾಯಾಚಿತ್ರಗಳನ್ನು ಅಳೆದು, ಪ್ಲಾಸ್ಟಿಕ್ ಹಾಳೆಯನ್ನು ಕತ್ತರಿಸಿ, ಸಾಲುಸಾಲಾಗಿ ರಿವೆಟ್ಟುಗಳನ್ನೂ ಕೂಡಿಸಿ, ಅವರು ಮೊದಲು ಮೂಲರೂಪವನ್ನು ಸಿದ್ಧಗೊಳಿಸುವರು. ಅದನ್ನು ಪೆಟ್ಟಿಗೆಯಲ್ಲಿಟ್ಟು ದ್ರವರೂಪದ ಸಿಲಿಕೋನ್ ರಬ್ಬರನ್ನು ಸುರಿದರೆ, ಗಟ್ಟಿಯಾದ ಮೇಲೆ ಅಚ್ಚಾಗುವುದು. ಅದರೊಳಗೆ ಎರಡು ದ್ರವಗಳನ್ನು ಅಳೆದು ಬೆರೆಸಿ ಹೊಯ್ದರೆ ಕೆಲವೇ ನಿಮಿಷಗಳಲ್ಲಿ ಗಟ್ಟಿಯಾಗುವುದು. ಗಾಳಿಯ ಗುಳ್ಳೆ ಸಿಕ್ಕಿದರೆ ಗುಳಿ ಬೀಳುವುದರಿಂದ, ಒತ್ತಡದ ಪಾತ್ರೆಯಲ್ಲಿಟ್ಟು ಗುಳ್ಳೆಗಳನ್ನು ಕಾಣದಷ್ಟು ಕುಗ್ಗಿಸುವರು. ಕೊಳ್ಳುವವನಿಗೆ ದೊರೆಯುವುದು ಬಿಡಿಭಾಗಗಳು. ತೊಳೆದು, ಅಂಚು ತೀಡಿ, ಅಂಟಿಸಿ, ಬಣ್ಣ ಬಳಿಯುವುದು ಅವನ ಪಾಲಿನ ಕೆಲಸ. ಕೆಲವು ಹತ್ತು ಎರಕಗಳಾಗುವಷ್ಟರಲ್ಲಿ ರಬ್ಬರು ಹರಿಯುವುದು. ಮತ್ತೆ ಮೂಲರೂಪದಿಂದ ಹೊಸ ಅಚ್ಚು.

ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು 12ನೆಯ ಶತಮಾನದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಮೇಣದಿಂದ ಲೋಹವಿಗ್ರಹವನ್ನು ಎರಕಹೊಯ್ಯುವ ವಿಧಿಯುಂಟು. ಅಲ್ಲಿ ಮೇಣವು ಕರಗಿಹೋಗುವುದು, ಮಣ್ಣಿನ ಅಚ್ಚನ್ನೂ ಒಡೆಯಬೇಕು. ಒಂದು ಅಚ್ಚಿಗೆ ಒಂದೇ ವಿಗ್ರಹ. ಇಲ್ಲಿಯಾದರೋ ಮೂಲರೂಪವೇ ಜೀವ. ಅದು ಉಳಿದರೆ ಎಲ್ಲವೂ ಉಳಿದಂತೆ.

“ಇದರಿಂದ ಲಾಭವುಂಟೆ?” ಎಂದು ಕೇಳಿದೆವು. ರಬ್ಬರಿನ ಖರ್ಚು ಬಂದರೆ ಸಾಕೆಂದರು. ಕೈ ನಡುಗಲಾರಂಭಿಸಿದೆಯೆಂದೂ, ಮೂಲರೂಪಗಳನ್ನು ದೂರದ ತರುಣನೊಬ್ಬನಿಗೆ ಒಪ್ಪಿಸಲು ಪತ್ರ ಬರೆದಿರುವುದಾಗಿಯೂ ತಿಳಿಸಿದರು. “ಅವನು ಬಾರದಿದ್ದರೆ ಈ ಗಾಡಿ ಈ ಪ್ರಮಾಣದಲ್ಲಿ ಇನ್ನಾರಿಗೂ ಸಿಗದು” ಎಂದಾಗ ಅವರ ಧ್ವನಿ ಕುಗ್ಗಿತು. ನಾವು ಹೊರಡುವವರೆಗೆ ಉತ್ತರ ಬಂದಿರಲಿಲ್ಲ.

ನಿವೃತ್ತಿಯ ಅನಂತರ ನಾವು ಮನೆಯಲ್ಲಿ ರಘುವಂಶವನ್ನು ಪಾಠ ಹೇಳುತ್ತಿರುವೆವು. ಶಿಷ್ಯರು ಮೂವರು. ಮೂವರಿಗಾಗಿ ಏಕೆ ಈ ಶ್ರಮವೆಂದು ಮನೆಯವರು ಕೇಳುವುದುಂಟು. ನಿಲ್ಲಿಸಬಹುದೆಂದು ನಮಗೂ ತೋರಿತ್ತು. ಈಗ ಆ ಯೋಚನೆಯಿಲ್ಲ. ಮೂವರಲ್ಲಿ ಒಬ್ಬನಾದರೂ ಮುಂದೆ ಪಾಠ ಹೇಳಬಲ್ಲವನಾದರೆ ಸಾಕು. ಬರುವ ಭಾನುವಾರದಿಂದ ಎರಡನೆಯ ಸರ್ಗವನ್ನು ಆರಂಭಿಸುವೆವು.