ಮನಸ್ಸು ಓದುವ ನ್ಯಾಯಾಧೀಶ

1967ರಲ್ಲಿ ಹ್ಯಾನಾ-ಬಾರ್ಬೆರಾ ಸಂಸ್ಥೆ ಬರ್ಡ್‌ಮ್ಯಾನ್ ಎಂಬ ಕಾರ್ಟೂನ್ ವೀರನನ್ನು ಸೃಷ್ಟಿಸಿತು. ಸೂರ್ಯನಿಂದ ಶಕ್ತಿ ಪಡೆದು ದುಷ್ಟರನ್ನು ಸದೆಬಡಿಯುವುದು ಅವನ ಕೆಲಸ. ಮೂರು ದಶಕ ಕಳೆದ ಮೇಲೆ ಅಡಲ್ಟ್ ಸ್ವಿಮ್ ವಾಹಿನಿ, ಮುಖವಾಡ ರೆಕ್ಕೆ ಎರಡನ್ನೂ ಹಾಗೇ ಬಿಟ್ಟು, ಮೈಗೊಂದು ಸೂಟು ತೊಡಿಸಿ ಅವನನ್ನು ವಕೀಲನನ್ನಾಗಿ ಮಾಡಿತು. ಕಕ್ಷಿದಾರರೂ ಹಳೆಯ ಕಾರ್ಟೂನುಗಳವರೇ: ಫ್ರೆಡ್ ಫ್ಲಿಂಟ್‌ಸ್ಟೋನ್, ಸ್ಕೂಬಿ-ಡೂ. 2008ರಲ್ಲಿ ಕ್ಯಾಪ್‌ಕಾಮ್ ಇದನ್ನು ‘ಹಾರ್ವಿ ಬರ್ಡ್‌ಮ್ಯಾನ್: ಅಟಾರ್ನಿ ಅಟ್ ಲಾ’ ಎಂಬ ವಿಡಿಯೊ ಗೇಮ್ ಆಗಿ ತಂದಿತು.

ಇರುವುದು ಐದೇ ಕೇಸು. ಸಾಕ್ಷಿಯ ಒಂದೊಂದು ಮಾತನ್ನೂ ಕೆದಕಬೇಕು. ಸುಳ್ಳು ಸಿಕ್ಕಲ್ಲಿ ಸರಿಯಾದ ಪುರಾವೆ ಮುಂದಿಡಬೇಕು. ಪೀಠದಲ್ಲಿ ಕೂತಿರುವವನು ಮೆಂಟಾಕ್, ಪರರ ಮನಸ್ಸು ಓದಬಲ್ಲವನು. ಸಾಕ್ಷಿ ಬಾಯಿ ತೆರೆಯುವ ಮೊದಲೇ ಅವನಿಗೆ ಎಲ್ಲ ತಿಳಿಯಬೇಕು. ಆದರೂ ಪುರಾವೆಗಾಗಿ ನಾನು ಅಲೆಯಬೇಕು!

ನಗಿಸುವ ಈ ಸಂಗತಿಯೇ ನನ್ನನ್ನು ಹಿಡಿದು ನಿಲ್ಲಿಸಿತು. ನ್ಯಾಯಾಧೀಶನೊಬ್ಬನಿಗೆ ಗೊತ್ತಿದ್ದರೆ ಸಾಲದು, ಕೂತು ನೋಡುವವರಿಗೂ ಗೊತ್ತಾಗಬೇಕು. ಒಬ್ಬನ ತಲೆಯೊಳಗೇ ಉಳಿದ ಸತ್ಯಕ್ಕೆ ಪಾಟೀಸವಾಲಿಲ್ಲ, ಮೇಲ್ಮನವಿಯೂ ಇಲ್ಲ. ಯಾರ ಮೇಲಾದರೂ ಆರೋಪ ಬಂದ ಕೂಡಲೇ ಫೋನು ಹಿಡಿದ ನಾವೆಲ್ಲ ಮೆಂಟಾಕರಾಗುತ್ತೇವೆ. ಫೋಟೋದಲ್ಲಿನ ಮುಖ ನೋಡಿಯೇ ಮನಸ್ಸು ಓದಿ ತೀರ್ಪು ಬರೆಯುತ್ತೇವೆ. ಆಟದಲ್ಲಿ ತಪ್ಪು ಪುರಾವೆ ಕೊಟ್ಟವನಿಗೆ ದಂಡವಿದೆ, ತಪ್ಪುತ್ತಲೇ ಹೋದರೆ ಕೇಸೇ ಕೈಬಿಡುತ್ತದೆ. ನಮ್ಮ ತಪ್ಪಿಗೆ ದಂಡ ತೆರುವವನು ಮಾತ್ರ ಆ ಫೋಟೋದಲ್ಲಿರುವವನು.