ಲೀಟರ್ ಲೆಕ್ಕದ ನೆರವು

ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದ ಕಡೆ ಎಷ್ಟೋ ಮನೆಗಳ ಖರ್ಚು ನಡೆಯೋದು ಡೇರಿ ಬಟವಾಡೆಯಿಂದ. ಆ ಹಾಲಿಗೆ ಸರ್ಕಾರ ಲೀಟರಿಗೆ 5 ರೂಪಾಯಿ ಪ್ರೋತ್ಸಾಹಧನ ಕೊಡುತ್ತೆ. ಹಿಂಡಿ, ಬೂಸಾ ಬೆಲೆ ಗೊತ್ತಿರೋರು ಯಾರೂ ಬೇಡ ಅನ್ನಲ್ಲ. ಆದರೆ ಲೆಕ್ಕ ಹಾಕಿ: ದಿನಕ್ಕೆ 40 ಲೀಟರ್ ಹಾಕೋರಿಗೆ ತಿಂಗಳಿಗೆ 6,000 ರೂಪಾಯಿ, ಒಂದೇ ಹಸು ಕಟ್ಟಿಕೊಂಡು 6 ಲೀಟರ್ ಹಾಕೋ ಅಜ್ಜಿಗೆ 900. ಹಸುವೇ ಇಲ್ಲದ ಕೂಲಿಯವರಿಗೆ ಸೊನ್ನೆ. ಆ ಪ್ರೋತ್ಸಾಹಧನವೂ ಕೆಲವು ಸಲ ತಿಂಗಳುಗಟ್ಟಲೆ ಬಾಕಿ. ದೊಡ್ಡ ಕೊಟ್ಟಿಗೆಯವರು ತಡ್ಕೋತಾರೆ, ಅಜ್ಜಿ ಬೂಸಾ ಅಂಗಡೀಲಿ ಸಾಲ ಬರೆಸ್ತಾಳೆ.

2013ರ ಆಗಸ್ಟ್ 1ರಂದು ಶುರುವಾದ ಕ್ಷೀರಭಾಗ್ಯ ಯೋಜನೆ ನನಗೆ ಈ ಪ್ರೋತ್ಸಾಹಧನಕ್ಕಿಂತ ಇಷ್ಟ. ಒಕ್ಕೂಟದಲ್ಲಿ ಮಿಕ್ಕ ಹಾಲು ಪುಡಿಯಾಗಿ, ಶಾಲೆಯಲ್ಲಿ 150 ಮಿಲಿಲೀಟರ್ ಹಾಲಾಗಿ ಲೋಟಕ್ಕೆ ಬೀಳುತ್ತೆ. ಹಸು ಇರೋ ಮನೆ, ಇಲ್ಲದ ಮನೆ, ಎರಡರ ಮಗುವಿಗೂ ಅದೇ ಅಳತೆ. (ಪುಡಿ ಹಾಲಿಗೆ ಮೂಗು ಮುರಿಯೋ ಮಕ್ಕಳೂ ಇದ್ದಾರೆ ಬಿಡಿ.)

ಪ್ರೋತ್ಸಾಹಧನ ನಿಲ್ಲಿಸಿ ಅಂತಲ್ಲ. ದಿನದ ಮೊದಲ 10 ಲೀಟರಿಗೆ 8 ರೂಪಾಯಿ, ಆಮೇಲಿನದಕ್ಕೆ ಕಡಿಮೆ ಅಂತ ಮಾಡಬಹುದಲ್ಲ? ಯಾರು ಎಷ್ಟು ಹಾಕ್ತಾರೆ ಅನ್ನೋದು ಡೇರಿ ಲೆಕ್ಕದಲ್ಲಿ ಹೇಗೂ ಇದೆ. ಹಾಗೆ ಮಾಡಿದರೆ ಒಂದೇ ಕೊಟ್ಟಿಗೆಯ ಹಾಲನ್ನ ಮೂರು ಹೆಸರಲ್ಲಿ ಹಾಕಿಸೋರು ಹುಟ್ಕೋತಾರೆ, ಅದೂ ನಿಜ.